ಬೆಂಕಿ, ಬನ್ನು, ಬಣ್ಣದ ಕಂಬ: ಬ್ರಿಟನ್ನಿನ ಹಬ್ಬಗಳ ವರ್ಷ

ಬ್ರಿಟನ್ನಿನಲ್ಲಿ ಆದಾಯ ತೆರಿಗೆಯ ವರ್ಷ ಆರಂಭವಾಗುವುದು ಏಪ್ರಿಲ್ 6ರಂದು. ಅದು ತಿಂಗಳ ಮೊದಲ ದಿನವಲ್ಲ, ಯಾವ ರಾಜನ ಹುಟ್ಟುಹಬ್ಬವೂ ಅಲ್ಲ. ಈ ವಿಚಿತ್ರ ತಾರೀಖಿನ ಹಿಂದೆ ಅಡಗಿರುವುದು ಒಂದು ಹಳೆಯ ಹಬ್ಬ.

ಮಾರ್ಚ್ 25ನ್ನು ಇಂಗ್ಲೆಂಡಿನಲ್ಲಿ 'ಲೇಡಿ ಡೇ' ಎನ್ನುತ್ತಾರೆ. ಏಸುವಿನ ಜನನದ ಶುಭವಾರ್ತೆಯನ್ನು ದೇವದೂತನು ಮೇರಿಗೆ ತಿಳಿಸಿದ್ದು ಅಂದು ಎಂಬುದು ಕ್ರೈಸ್ತರ ನಂಬಿಕೆ. 1751ರವರೆಗೂ ಇಂಗ್ಲೆಂಡಿನ ಕಾನೂನಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಅದೇ ದಿನ. ರೈತರು ಒಡೆಯರಿಗೆ ಗೇಣಿ ಕೊಡುವುದು, ಸಾಲ ತೀರಿಸುವುದು, ಹೊಸ ಕರಾರು ಮಾಡಿಕೊಳ್ಳುವುದು ಅಂದೇ. 1752ರಲ್ಲಿ ಬ್ರಿಟನ್ ಹಳೆಯ ಜೂಲಿಯನ್ ಕ್ಯಾಲೆಂಡರನ್ನು ಕೈಬಿಟ್ಟು ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಯಿಸಿಕೊಂಡಾಗ 11 ದಿನಗಳು ಲೆಕ್ಕದಿಂದ ಮಾಯವಾದವು. ಸೆಪ್ಟೆಂಬರ್ 2ರಂದು ಮಲಗಿದವರು ಎದ್ದಾಗ ಸೆಪ್ಟೆಂಬರ್ 14! ಆದರೆ ಸರ್ಕಾರದ ಲೆಕ್ಕದ ವರ್ಷವನ್ನು 11 ದಿನ ಮೊಟಕು ಮಾಡುವಂತಿರಲಿಲ್ಲ. ಅದು ಏಪ್ರಿಲ್ 5ಕ್ಕೆ ಸರಿಯಿತು. ಮುಂದೆ ಇನ್ನೊಂದು ದಿನ ಸೇರಿ ಏಪ್ರಿಲ್ 6 ಆಯಿತು. ಹೀಗೆ ಇಂದಿಗೂ ತೆರಿಗೆ ಇಲಾಖೆ ಆಚರಿಸುತ್ತಿರುವುದು ಹಳೆಯ ಲೇಡಿ ಡೇಯನ್ನೇ.

ನಮಗೂ ಈ ಲೆಕ್ಕ ತೀರ ಹೊರಗಿನದಲ್ಲ. ಭಾರತದ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಬಂದದ್ದು 1867ರಲ್ಲಿ, ಬ್ರಿಟಿಷ್ ಸರ್ಕಾರದ ಆರ್ಥಿಕ ವರ್ಷಕ್ಕೆ ಹೊಂದಿಸುವ ಸಲುವಾಗಿ. ಅದಕ್ಕೆ ಮುಂಚೆ ಇಲ್ಲಿ ಮೇ 1ರಿಂದ ಲೆಕ್ಕ ಶುರುವಾಗುತ್ತಿತ್ತು.

ಇಂಗ್ಲಿಷ್ ಪಠ್ಯ ಓದುವ ನಮ್ಮ ವಿದ್ಯಾರ್ಥಿಗಳಿಗೆ ಲೇಡಿ ಡೇ, ಮಿಕಲ್ಮಸ್, ಮೇ ಡೇ, ಬಾಕ್ಸಿಂಗ್ ಡೇ ಎಂಬ ಹೆಸರುಗಳು ಆಗಾಗ ಎದುರಾಗುತ್ತವೆ. ಟಿಪ್ಪಣಿಯಲ್ಲಿ 'ಒಂದು ಕ್ರೈಸ್ತ ಹಬ್ಬ' ಎಂದು ಬರೆದುಕೊಂಡು ಮುಂದೆ ಹೋಗುವುದು ವಾಡಿಕೆ. ಆದರೆ ಇವುಗಳ ಒಳಹೊಕ್ಕು ನೋಡಿದರೆ ಚಳಿ, ಹಸಿವು, ಗೇಣಿ, ಜಗಳ, ಸಾವು ಎಲ್ಲವೂ ಕಾಣುತ್ತವೆ. ಇನ್ನೊಂದು ಸಂಗತಿಯೂ ಕಾಣುತ್ತದೆ. ಬಹಳ ಪುರಾತನವೆಂದು ನಾವು ತಿಳಿದ ಆಚರಣೆಗಳಲ್ಲಿ ಹಲವು ಈಚಿನವು. ನಿಜವಾಗಿ ಹಳೆಯವು ಹಲವು ಬಾರಿ ನಿಂತು, ಬದಲಾಗಿ, ಮತ್ತೆ ಎದ್ದವು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಈ ನಾಲ್ಕು ನಾಡುಗಳ ವರ್ಷವನ್ನು ಜನವರಿಯಿಂದ ಒಮ್ಮೆ ಸುತ್ತಿ ಬರೋಣ.

ಚಳಿಗಾಲದ ಬೆಂಕಿ

ಸ್ಕಾಟ್ಲೆಂಡಿನವರಿಗೆ ವರ್ಷದ ಕೊನೆಯ ರಾತ್ರಿ 'ಹಾಗ್ಮನೇ' ದೊಡ್ಡ ಹಬ್ಬ. ನಡುರಾತ್ರಿ ಕಳೆದ ಮೇಲೆ ಮನೆಯ ಹೊಸ್ತಿಲನ್ನು ಮೊದಲು ದಾಟಿ ಬರುವವನು ಕಪ್ಪು ಕೂದಲಿನ ಗಂಡಸಾದರೆ ಶುಭ ಎಂಬ ನಂಬಿಕೆ ಇದೆ. ಅವನು ಬರಿಗೈಯಲ್ಲಿ ಬರಬಾರದು. ಒಂದು ತುಂಡು ಕಲ್ಲಿದ್ದಲು, ಬೆಣ್ಣೆ ಬಿಸ್ಕತ್ತು, ಸ್ವಲ್ಪ ವಿಸ್ಕಿ ತರಬೇಕು. ಒಲೆ ಆರದಿರಲಿ, ಅನ್ನ ಪಾನಕ್ಕೆ ಕೊರತೆಯಾಗದಿರಲಿ ಎಂಬ ಹಾರೈಕೆ ಈ ಕಾಣಿಕೆಗಳಲ್ಲಿದೆ. ಆಗ ಎಲ್ಲರೂ ಕೈಕೈ ಹಿಡಿದು ಹಾಡುವ 'ಆಲ್ಡ್ ಲ್ಯಾಂಗ್ ಸೈನ್' ಗೀತೆಯನ್ನು ಈಗಿನ ರೂಪಕ್ಕೆ ತಂದವನು ಕವಿ ರಾಬರ್ಟ್ ಬರ್ನ್ಸ್. 1759ರ ಜನವರಿ 25ರಂದು ಹುಟ್ಟಿದ ಈ ರೈತ ಕವಿಯ ಹುಟ್ಟುಹಬ್ಬವೂ ಅಲ್ಲಿ ನಾಡಹಬ್ಬವಿದ್ದಂತೆ. ಕುರಿಯ ಒಳಾಂಗಗಳನ್ನು ಓಟ್ಸ್ ಜೊತೆ ಬೇಯಿಸಿದ 'ಹ್ಯಾಗಿಸ್' ಎಂಬ ಬಡವರ ಅಡುಗೆಯನ್ನು ಅಂದು ಬ್ಯಾಗ್‌ಪೈಪ್ ಊದಿಸಿಕೊಂಡು ಮೇಜಿಗೆ ತರುತ್ತಾರೆ.

ಹೊಸ ವರ್ಷಕ್ಕೆ ಸ್ಕಾಟ್ಲೆಂಡ್ ಇಷ್ಟು ಮಹತ್ವ ಕೊಡಲು ಕಾರಣವಿದೆ. ಮತಸುಧಾರಣೆಯ ನಂತರ ಅಲ್ಲಿನ ಚರ್ಚು ಕ್ರಿಸ್‌ಮಸ್ಸನ್ನು ಬೈಬಲಿನಲ್ಲಿ ಇಲ್ಲದ ಹಬ್ಬವೆಂದು ದೂರವಿಟ್ಟಿತು. ಡಿಸೆಂಬರ್ 25 ಸ್ಕಾಟ್ಲೆಂಡಿನಲ್ಲಿ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಅಲ್ಲಿಯವರೆಗೆ ಅಂದು ಕಾರ್ಖಾನೆಗಳು ನಡೆಯುತ್ತಿದ್ದವು.

ಉತ್ತರದ ಶೆಟ್‌ಲೆಂಡ್ ದ್ವೀಪಗಳ ಲರ್ವಿಕ್ ಪಟ್ಟಣದಲ್ಲಿ ಜನವರಿಯ ಕೊನೆಯ ಮಂಗಳವಾರ 'ಅಪ್ ಹೆಲಿ ಆ' ನಡೆಯುತ್ತದೆ. ವೈಕಿಂಗರ ವೇಷ ತೊಟ್ಟವರು ಮುಂದೆ ನಡೆಯುತ್ತಾರೆ. ನೂರಾರು ಪಂಜುಗಳು ಹಿಂಬಾಲಿಸುತ್ತವೆ. ತಿಂಗಳುಗಟ್ಟಲೆ ಕೂತು ಮಾಡಿದ ಮರದ ಹಡಗನ್ನು ಎಳೆದು ತಂದು ಕೊನೆಗೆ ಎಲ್ಲರೂ ಪಂಜು ಎಸೆದು ಸುಡುತ್ತಾರೆ. ನೋಡಿದವರು ಇದು ಸಾವಿರ ವರ್ಷದ ಆಚರಣೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಈ ಹಡಗು ಹಬ್ಬಕ್ಕೆ ಸೇರಿದ್ದು 19ನೇ ಶತಮಾನದ ಕೊನೆಯಲ್ಲಿ. ಲರ್ವಿಕ್‌ನ ಮೆರವಣಿಗೆಯ ತಂಡಗಳಲ್ಲಿ ಗಂಡಸರಿಗಷ್ಟೇ ಅವಕಾಶ ಎಂಬ ಕಟ್ಟಳೆ ಬಹುಕಾಲ ನಡೆದು ಬಂತು. ವರ್ಷಗಟ್ಟಲೆ ವಾದವಿವಾದ ನಡೆದ ಮೇಲೆ 2023ರಲ್ಲಿ ಮೊದಲ ಬಾರಿಗೆ ಹೆಂಗಸರೂ ಪಂಜು ಹಿಡಿದು ನಡೆದರು. ಹಡಗು ಎಂದಿನಂತೆಯೇ ಉರಿಯಿತು.

ಹಳೆಯ ಕ್ಯಾಲೆಂಡರನ್ನು ಬಿಡದವರೂ ಇದ್ದಾರೆ. ವೇಲ್ಸಿನ ಗ್ವೈನ್ ಕಣಿವೆಯಲ್ಲಿ ಮಕ್ಕಳು ಜನವರಿ 13ರಂದು ಮನೆಮನೆಗೆ ಹೋಗಿ ಹಾಡು ಹೇಳಿ 'ಹಳೆಯ ಹೊಸ ವರ್ಷ'ದ ಮಿಠಾಯಿ, ಚಿಲ್ಲರೆ ಕಾಸು ಪಡೆಯುತ್ತಾರೆ. ಸಾಮರ್ಸೆಟ್ ಸೀಮೆಯ ಕಾರ್ಹ್ಯಾಂಪ್ಟನ್‌ನಲ್ಲಿ ಜನವರಿ 17ರಂದು ಸೇಬಿನ ತೋಟಕ್ಕೆ ಹೋಗಿ, ಅತಿ ಹಳೆಯ ಮರದ ಬುಡಕ್ಕೆ ಸೇಬಿನ ಮದ್ಯ ಸುರಿದು, ಅದರಲ್ಲೇ ನೆನೆಸಿದ ಬ್ರೆಡ್ಡಿನ ತುಂಡನ್ನು ಕೊಂಬೆಗೆ ಸಿಕ್ಕಿಸಿ, ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ. ಕೆಟ್ಟದ್ದು ಓಡಲಿ, ಮರ ಎಚ್ಚರಗೊಂಡು ಚೆನ್ನಾಗಿ ಕಾಯಿ ಬಿಡಲಿ ಎಂಬ ಆಶಯ. ಇದಕ್ಕೆ 'ವಾಸೇಲಿಂಗ್' ಎಂದು ಹೆಸರು.

ಉಪವಾಸಕ್ಕೆ ಮುಂಚಿನ ಮಂಗಳವಾರ

ಈಸ್ಟರಿಗೆ ಮುಂಚಿನ 40 ದಿನಗಳು ಲೆಂಟ್. ನಮ್ಮ ಕ್ರೈಸ್ತರು ತಪಸ್ಸುಕಾಲ ಎನ್ನುವುದು ಇದನ್ನೇ. ಬೂದಿ ಬುಧವಾರದಿಂದ ಮಾಂಸ, ಮೊಟ್ಟೆ, ಬೆಣ್ಣೆ ಮುಟ್ಟುವಂತಿಲ್ಲ ಎಂಬುದು ಹಿಂದಿನ ಕಟ್ಟುನಿಟ್ಟು. ಮನೆಯಲ್ಲಿ ಉಳಿದ ಮೊಟ್ಟೆ, ಹಾಲು, ಬೆಣ್ಣೆಯನ್ನು ಏನು ಮಾಡುವುದು? ಹಿಟ್ಟಿನಲ್ಲಿ ಕಲಸಿ ತೆಳ್ಳಗೆ ಹುಯ್ದು ತಿಂದು ಮುಗಿಸುವುದು. ಹೀಗೆ ಬೂದಿ ಬುಧವಾರದ ಹಿಂದಿನ ದಿನ 'ಪ್ಯಾನ್‌ಕೇಕ್ ದಿನ'ವಾಯಿತು.

ಓಲ್ನಿ ಎಂಬ ಊರಿನಲ್ಲಿ ಅಂದು ಹೆಂಗಸರು ಬಾಣಲೆಯಲ್ಲಿ ಪ್ಯಾನ್‌ಕೇಕ್ ಹಿಡಿದು, ಅದನ್ನು ಮಗುಚಿ ಹಾರಿಸುತ್ತ, 415 ಗಜ ಓಡಿ ಚರ್ಚು ಮುಟ್ಟುತ್ತಾರೆ. 1445ರಲ್ಲಿ ಒಬ್ಬ ಗೃಹಿಣಿ ಚರ್ಚಿನ ಗಂಟೆ ಕೇಳಿ, ಹೊತ್ತಾಯಿತೆಂದು ಬಾಣಲೆ ಹಿಡಿದೇ ಓಡಿದಳಂತೆ ಎಂಬುದು ಐತಿಹ್ಯ. 1950ರಿಂದ ಅಮೆರಿಕದ ಕಾನ್ಸಾಸ್ ರಾಜ್ಯದ ಲಿಬರಲ್ ಎಂಬ ಊರಿನ ಹೆಂಗಸರೂ ಅದೇ ದಿನ ಓಡುತ್ತಾರೆ. ಎರಡೂ ಊರಿನ ಸಮಯವನ್ನು ಹೋಲಿಸಿ ಗೆದ್ದವರನ್ನು ಸಾರುತ್ತಾರೆ.

ಡಾರ್ಬಿಶೈರ್ ಸೀಮೆಯ ಆಶ್‌ಬೋರ್ನ್‌ನಲ್ಲಿ ಅದೇ ಮಂಗಳವಾರ ಮತ್ತು ಬುಧವಾರ ಇಡೀ ಊರೇ ಫುಟ್‌ಬಾಲ್ ಆಡುತ್ತದೆ. ಊರ ನಡುವೆ ಹರಿಯುವ ತೊರೆಯ ಉತ್ತರಕ್ಕೆ ಹುಟ್ಟಿದವರು ಒಂದು ಪಕ್ಷ, ದಕ್ಷಿಣಕ್ಕೆ ಹುಟ್ಟಿದವರು ಇನ್ನೊಂದು. ಎರಡು ಗೋಲುಗಳ ನಡುವೆ ಮೂರು ಮೈಲಿ ದೂರ! ಚೆಂಡು ಬೀದಿಯಲ್ಲಿ, ಗದ್ದೆಯಲ್ಲಿ, ಕೊರೆಯುವ ನೀರಿನಲ್ಲಿ ಸಾಗುತ್ತದೆ. ಅಂಗಡಿಯವರು ಮೊದಲೇ ಕಿಟಕಿಗಳಿಗೆ ಹಲಗೆ ಬಡಿದಿರುತ್ತಾರೆ.

ಲೆಂಟಿನ ನಾಲ್ಕನೇ ಭಾನುವಾರ 'ಮದರಿಂಗ್ ಸಂಡೆ'. ಹಿಂದೆ ಹತ್ತು ಹನ್ನೆರಡು ವರ್ಷಕ್ಕೇ ಮಕ್ಕಳು ಸಾಹುಕಾರರ ಮನೆಗಳಿಗೆ ಕೆಲಸಕ್ಕೆ, ಕಸುಬು ಕಲಿಯಲು ಊರುಬಿಟ್ಟು ಹೋಗುತ್ತಿದ್ದರು. ಅವರು ತಾಯಿಯನ್ನು ನೋಡಲು ಒಂದು ದಿನದ ರಜೆ ಸಿಗುತ್ತಿದ್ದುದು ಈ ಭಾನುವಾರ. ದಾರಿಯಲ್ಲಿ ಬೇಲಿಯ ಬದಿಯ ಹೂವು ಕಿತ್ತುಕೊಂಡು ಹೋಗುತ್ತಿದ್ದರು. ಈ ಆಚರಣೆ ಬಹುಪಾಲು ಮರೆತುಹೋಗಿದ್ದಾಗ ಕಾನ್‌ಸ್ಟನ್ಸ್ ಪೆನ್ಸ್‌ವಿಕ್ ಸ್ಮಿತ್ ಎಂಬಾಕೆ 20ನೇ ಶತಮಾನದ ಆರಂಭದಲ್ಲಿ ಪಟ್ಟುಹಿಡಿದು ಪ್ರಚಾರ ಮಾಡಿ ಅದನ್ನು ಮತ್ತೆ ಎಬ್ಬಿಸಿದರು. ನಮ್ಮಲ್ಲಿ ಮೇ ತಿಂಗಳ ಎರಡನೇ ಭಾನುವಾರ ಆಚರಿಸುವ ತಾಯಂದಿರ ದಿನ ಅಮೆರಿಕದಿಂದ ಬಂದದ್ದು. ಬ್ರಿಟನ್ನಿನದು ಬೇರೆ.

ಈಸ್ಟರ್ ಪ್ರತಿವರ್ಷ ಬೇರೆ ಬೇರೆ ತಾರೀಖಿಗೆ ಬರುವುದೇಕೆಂದು ಹಲವರಿಗೆ ಗೊಂದಲ. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್ ಎಂಬುದು ಚರ್ಚಿನ ಸೂತ್ರ. ಹುಣ್ಣಿಮೆಯನ್ನು ನಂಬಿದ ಹಬ್ಬವಾದ್ದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಂದಾದರೂ ಬೀಳಬಹುದು. ಅದರ ಹಿಂದಿನ ಶುಭ ಶುಕ್ರವಾರ ಶಿಲುಬೆಯ ಗುರುತು ಹಾಕಿದ ಬನ್ನು ತಿನ್ನುತ್ತಾರೆ. ಗುರುವಾರ ಅರಸರ 'ಮಾಂಡಿ' ದಾನ. ಏಸು ಶಿಷ್ಯರ ಕಾಲು ತೊಳೆದ ನೆನಪಿಗೆ ಹಿಂದಿನ ಅರಸರು ಬಡವರ ಕಾಲು ತೊಳೆಯುತ್ತಿದ್ದರು. ಅದು ಕ್ರಮೇಣ ನಿಂತಿತು, ದಾನ ಉಳಿಯಿತು. ಅರಸನ ವಯಸ್ಸು ಎಷ್ಟೋ ಅಷ್ಟು ಮಂದಿ ಹಿರಿಯ ಗಂಡಸರು, ಅಷ್ಟೇ ಮಂದಿ ಹೆಂಗಸರು ವಿಶೇಷವಾಗಿ ಟಂಕಿಸಿದ ಬೆಳ್ಳಿ ನಾಣ್ಯಗಳ ಚೀಲ ಪಡೆಯುತ್ತಾರೆ.

ಮೇ ತಿಂಗಳ ಕಂಬ

ಮೇ 1ರ ಬೆಳಗಿನ ಆರು ಗಂಟೆಗೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಗೋಪುರದ ಮೇಲಿಂದ ಹುಡುಗರ ಮೇಳ ಹಾಡುತ್ತದೆ. ಕೆಳಗೆ ಸೇತುವೆಯ ಮೇಲೆ ಸಾವಿರಾರು ಜನ ಸದ್ದಿಲ್ಲದೆ ಕೇಳುತ್ತಾರೆ. ಕಾರ್ನ್‌ವಾಲ್ ಸೀಮೆಯ ಪ್ಯಾಡ್‌ಸ್ಟೋ ಎಂಬ ಮೀನುಗಾರರ ಊರಿನಲ್ಲಿ ಕರಿಯ ಬಟ್ಟೆ ಹೊದಿಸಿದ ದೊಡ್ಡ ಚಕ್ರದಂಥ 'ಕುದುರೆ' ಬೀದಿಬೀದಿ ಕುಣಿಯುತ್ತದೆ.

ಊರ ಬಯಲಲ್ಲಿ ಎತ್ತರದ ಕಂಬ ನೆಟ್ಟು ಅದರ ಸುತ್ತ ಕುಣಿಯುವ ಪದ್ಧತಿ ಬಹಳ ಹಳೆಯದು. ಇದನ್ನು ಅನ್ಯಧರ್ಮದ ಅವಶೇಷವೆಂದು ಕಂಡ ಪ್ಯೂರಿಟನ್ನರು 1644ರಲ್ಲಿ ಪಾರ್ಲಿಮೆಂಟಿನ ಆಜ್ಞೆಯಿಂದ ಕಂಬಗಳನ್ನೆಲ್ಲ ಇಳಿಸಿದರು. 1660ರಲ್ಲಿ ಎರಡನೇ ಚಾರ್ಲ್ಸ್ ಮರಳಿ ಬಂದ ಮೇಲೆ ಕಂಬಗಳೂ ಮರಳಿದವು. ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ 134 ಅಡಿ ಎತ್ತರದ ಕಂಬ ಎದ್ದಿತು. ಆದರೆ ಮಕ್ಕಳು ಬಣ್ಣದ ಪಟ್ಟಿ ಹಿಡಿದು ಕಂಬಕ್ಕೆ ಜಡೆ ಹೆಣೆಯುವ, ಪುಸ್ತಕದ ಚಿತ್ರಗಳಲ್ಲಿ ಕಾಣುವ ಕುಣಿತ ಶಾಲೆಗಳ ಮೂಲಕ ಹರಡಿದ್ದು 19ನೇ ಶತಮಾನದಲ್ಲಿ.

ಮೇ ಡೇಗೆ ಇನ್ನೊಂದು ನೆನಪೂ ಅಂಟಿದೆ. ಲಂಡನ್ನಿನಲ್ಲಿ ಹೊಗೆಗೂಡು ಗುಡಿಸುವವರ ರಜೆ ಅಂದು. ಕಿರಿದಾದ ಹೊಗೆಗೂಡಿನೊಳಗೆ ಹತ್ತಿ ಮಸಿ ಕೆರೆಯಲು ಐದಾರು ವರ್ಷದ ಮಕ್ಕಳನ್ನು ಬಳಸುತ್ತಿದ್ದ ಕಾಲ ಅದು. ವಿಲಿಯಂ ಬ್ಲೇಕ್ 1789ರಲ್ಲಿ ಈ ಮಕ್ಕಳ ಕುರಿತು ಕವಿತೆ ಬರೆದ. ವರ್ಷಕ್ಕೊಂದು ದಿನ ಆ ಮಕ್ಕಳು ಬೀದಿಯಲ್ಲಿ ಬ್ರಷ್ಷು, ಸಲಿಕೆ ಬಡಿಯುತ್ತ ಕುಣಿದು ಕಾಸು ಕೇಳುತ್ತಿದ್ದರು. 1875ರ ಕಾನೂನು ಮಕ್ಕಳನ್ನು ಹೊಗೆಗೂಡಿಗೆ ಹತ್ತಿಸುವುದನ್ನು ನಿಲ್ಲಿಸಿತು. ರಾಚೆಸ್ಟರ್ ನಗರ 1981ರಿಂದ ಆ ಕುಣಿತವನ್ನು ಉತ್ಸವವಾಗಿ ಮತ್ತೆ ನಡೆಸುತ್ತಿದೆ.

ಕಾಲಿಗೆ ಗೆಜ್ಜೆ ಕಟ್ಟಿ, ಬಿಳಿ ಕರವಸ್ತ್ರ ಬೀಸುತ್ತ ಕುಣಿಯುವ 'ಮಾರಿಸ್' ನೃತ್ಯದ ಕಥೆಯಲ್ಲೂ ಹಸಿವು ಇಣುಕುತ್ತದೆ. 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡಿನ ಬಳಿ ಸಂಗೀತಗಾರ ಸಿಸಿಲ್ ಶಾರ್ಪ್ ಒಂದು ತಂಡ ಕುಣಿಯುವುದನ್ನು ಕಂಡರು. ಅದು ಆ ಕುಣಿತದ ಕಾಲವೇ ಅಲ್ಲ. ವಾದ್ಯ ನುಡಿಸುತ್ತಿದ್ದ ವಿಲಿಯಂ ಕಿಂಬರ್ ಕಾರಣ ಹೇಳಿದರು: ಹಿಮ ಬಿದ್ದು ಕಟ್ಟಡದ ಕೆಲಸ ನಿಂತಿದೆ, ನಾಲ್ಕು ಕಾಸಿಗಾಗಿ ಕುಣಿಯುತ್ತಿದ್ದೇವೆ. ಅಂದು ಬರೆದಿಟ್ಟುಕೊಂಡ ಧಾಟಿಗಳಿಂದ ಶಾರ್ಪ್ ಅವರ ಜಾನಪದ ಸಂಗ್ರಹ ಕಾರ್ಯಕ್ಕೆ ದಾರಿ ತೆರೆಯಿತು. ಅಳಿವಿನಂಚಿನ ಕುಣಿತಕ್ಕೆ ಮತ್ತೆ ಜೀವ ಬಂತು. ಕೆಲವು ತಂಡಗಳು ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುತ್ತಿದ್ದವು. ಅದು ಕಪ್ಪು ಜನರಿಗೆ ನೋವುಂಟುಮಾಡುತ್ತದೆ ಎಂಬ ಕಾರಣಕ್ಕೆ 2020ರಲ್ಲಿ ಮಾರಿಸ್ ಸಂಘಗಳ ಒಕ್ಕೂಟ ಅದನ್ನು ಕೈಬಿಡಲು ತೀರ್ಮಾನಿಸಿತು. ಈಗ ಹಲವರು ನೀಲಿ, ಹಸಿರು ಬಣ್ಣ ಬಳಿದುಕೊಳ್ಳುತ್ತಾರೆ. ಸಂಪ್ರದಾಯ ಕೆಟ್ಟಿತು ಎಂದು ಕೆಲವರು ಮುನಿಸಿಕೊಂಡದ್ದೂ ಉಂಟು.

ಬೇಸಿಗೆಯ ಮೆರವಣಿಗೆಗಳು

ಡಾರ್ಬಿಶೈರಿನ ಹಳ್ಳಿಗಳಲ್ಲಿ ಬಾವಿಗೆ ಹೂವಿನ ಅಲಂಕಾರ ಮಾಡುವ ಪದ್ಧತಿಯಿದೆ. ಒದ್ದೆ ಜೇಡಿಮಣ್ಣು ಮೆತ್ತಿದ ಹಲಗೆಯ ಮೇಲೆ ಹೂವಿನ ಎಸಳು, ಪಾಚಿ, ಬೀಜಗಳನ್ನು ಒಂದೊಂದಾಗಿ ಒತ್ತಿ ದೊಡ್ಡ ಚಿತ್ರ ಬಿಡಿಸುತ್ತಾರೆ. ಪ್ಲೇಗು ಬಂದಾಗಲೂ ಬರ ಬಂದಾಗಲೂ ತಮ್ಮ ಬಾವಿಗಳು ಕೈಬಿಡಲಿಲ್ಲ ಎಂದು ಟಿಸಿಂಗ್ಟನ್ ಹಳ್ಳಿಯವರು ಕಥೆ ಹೇಳುತ್ತಾರೆ. ಚಿತ್ರ ಉಳಿಯುವುದು ಒಂದು ವಾರ ಮಾತ್ರ.

ಜುಲೈ ತಿಂಗಳ ಎರಡನೇ ಶನಿವಾರ ಡರ್ಹಮ್ ನಗರದಲ್ಲಿ ಗಣಿ ಕಾರ್ಮಿಕರ ಜಾತ್ರೆ. 1871ರಲ್ಲಿ ಆರಂಭವಾದ ಇದರಲ್ಲಿ ಪ್ರತಿ ಗಣಿಯವರೂ ತಮ್ಮ ಬ್ಯಾಂಡು, ರೇಷ್ಮೆಯ ದೊಡ್ಡ ಪತಾಕೆ ಹಿಡಿದು ನಡೆಯುತ್ತಿದ್ದರು. ಆ ವರ್ಷ ಗಣಿಯಲ್ಲಿ ಸಾವು ಸಂಭವಿಸಿದ್ದರೆ ಪತಾಕೆಗೆ ಕಪ್ಪು ಬಟ್ಟೆ. ಡರ್ಹಮ್ ಕಲ್ಲಿದ್ದಲು ಸೀಮೆಯ ಕೊನೆಯ ಆಳದ ಗಣಿ 1993ರಲ್ಲಿ ಮುಚ್ಚಿತು. ಜಾತ್ರೆ ಮಾತ್ರ ನಿಂತಿಲ್ಲ. ಇಲ್ಲದ ಗಣಿಗಳ ಹೆಸರು ಹೊತ್ತ ಪತಾಕೆಗಳ ಹಿಂದೆ ಗಣಿಗೆ ಒಮ್ಮೆಯೂ ಇಳಿಯದ ಮೊಮ್ಮಕ್ಕಳು ನಡೆಯುತ್ತಾರೆ.

ಎಲ್ಲ ಮೆರವಣಿಗೆಗಳೂ ಜನರನ್ನು ಕೂಡಿಸುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ಜುಲೈ 12ರಂದು ಆರೆಂಜ್ ಸಂಘದವರು 1690ರ ಬಾಯ್ನ್ ಯುದ್ಧದ ವಿಜಯವನ್ನು ನೆನೆದು ಸಾಗುತ್ತಾರೆ. ಪ್ರೊಟೆಸ್ಟೆಂಟರ ಹೆಮ್ಮೆಯ ಈ ದಿನ ಹಲವು ಕ್ಯಾಥೊಲಿಕರಿಗೆ ಹಳೆಯ ಗಾಯ. ಯಾವ ಬೀದಿಯಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂಬುದನ್ನು ತೀರ್ಮಾನಿಸಲು 1998ರ ಕಾನೂನಿನ ಪ್ರಕಾರ ಪ್ರತ್ಯೇಕ ಆಯೋಗವೇ ಇದೆ.

ಆಗಸ್ಟ್ ಮೊದಲ ವಾರ ವೇಲ್ಸಿನಲ್ಲಿ 'ಐಸ್ತೆದ್‌ವೊದ್' ಎಂಬ ಕವಿತೆ, ಸಂಗೀತಗಳ ರಾಷ್ಟ್ರೀಯ ಉತ್ಸವ. ವೇದಿಕೆಯ ಭಾಷೆ ವೆಲ್ಷ್ ಮಾತ್ರ. ಶಾಲೆಗಳಲ್ಲಿ ವೆಲ್ಷ್ ಆಡಿದ ಮಕ್ಕಳನ್ನು ಶಿಕ್ಷಿಸಿದ ಕಾಲವನ್ನು ಕಂಡ ಭಾಷೆ ಅದು. ಗೆದ್ದ ಕವಿಗೆ ಸಿಗುವ ಬಹುಮಾನ ಒಂದು ಮರದ ಕುರ್ಚಿ. ಕವಿಗಳು ಗುಪ್ತನಾಮದಲ್ಲಿ ಬರೆಯಬೇಕು. ಗೆದ್ದವನ ಗುಪ್ತನಾಮ ಕೂಗಿದಾಗ ಅವನು ಸಭೆಯಲ್ಲಿ ಎದ್ದು ನಿಲ್ಲಬೇಕು. 1917ರಲ್ಲಿ ಹೆಸರು ಕೂಗಿದಾಗ ಯಾರೂ ಏಳಲಿಲ್ಲ. ಗೆದ್ದಿದ್ದ ಕವಿ ಹೇದ್ ವಿನ್, ಕುರಿ ಕಾಯುತ್ತಿದ್ದ ರೈತನ ಮಗ, ಕೆಲವೇ ವಾರಗಳ ಹಿಂದೆ ಜುಲೈ 31ರಂದು ಬೆಲ್ಜಿಯಮ್ಮಿನ ರಣರಂಗದಲ್ಲಿ ಮಡಿದಿದ್ದ. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ಆ ಕುರ್ಚಿ ಇಂದಿಗೂ ಅವನ ಹಳ್ಳಿಯ ಮನೆಯಲ್ಲಿದೆ.

ಆಗಸ್ಟ್ ಕೊನೆಯ ವಾರ ಲಂಡನ್ನಿನ ನಾಟಿಂಗ್ ಹಿಲ್ ಬೀದಿಗಳಲ್ಲಿ ಕೆರಿಬಿಯನ್ ಉತ್ಸವ. 1958ರಲ್ಲಿ ಅದೇ ಬೀದಿಗಳಲ್ಲಿ ಬಿಳಿಯ ಯುವಕರ ಗುಂಪುಗಳು ಕಪ್ಪು ವಲಸೆಗಾರರ ಮೇಲೆ ದಾಳಿ ಮಾಡಿದ್ದವು. ಆ ನೋವಿಗೆ ಉತ್ತರವಾಗಿ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರ ಜನವರಿಯಲ್ಲಿ ಒಂದು ಸಭಾಂಗಣದಲ್ಲಿ ಹಾಡು, ಕುಣಿತದ ಕಾರ್ನಿವಲ್ ಏರ್ಪಡಿಸಿದರು. 1966ರಲ್ಲಿ ಉತ್ಸವ ಬೀದಿಗಿಳಿಯಿತು. ಈಗ ಲಕ್ಷಾಂತರ ಜನ ಸೇರುವ ಅದು ಲಂಡನ್ನಿನದೇ ಹಬ್ಬ.

ಸುಗ್ಗಿ ಮತ್ತು ಗೇಣಿ

ಸೆಪ್ಟೆಂಬರಿನಲ್ಲಿ ಸ್ಟಾಫರ್ಡ್‌ಶೈರಿನ ಅಬಟ್ಸ್ ಬ್ರಾಮ್ಲಿ ಹಳ್ಳಿಯಲ್ಲಿ ಆರು ಮಂದಿ ಭಾರಿ ಕೊಂಬುಗಳನ್ನು ಹೊತ್ತು ಕುಣಿಯುತ್ತಾರೆ. ಅವು ಹಿಮಸಾರಂಗದ ಕೊಂಬುಗಳು. ಪ್ರಯೋಗಾಲಯದ ಕಾಲನಿರ್ಣಯದಂತೆ 11ನೇ ಶತಮಾನದವು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹಿಮಸಾರಂಗ ಇರಲೇ ಇಲ್ಲ. ವರ್ಷವಿಡೀ ಕೊಂಬುಗಳು ಚರ್ಚಿನ ಗೋಡೆಯ ಮೇಲಿರುತ್ತವೆ.

ಇದಕ್ಕೆ ಹೋಲಿಸಿದರೆ ಚರ್ಚುಗಳ ಸುಗ್ಗಿ ಹಬ್ಬ ತೀರ ಹೊಸದು. ಕೊಯ್ಲಿನ ಊಟ, ಹಾಡು ಹಿಂದೆಯೂ ಇದ್ದವು. ಆದರೆ ಬೆಳೆಯನ್ನು ಚರ್ಚಿಗೆ ತಂದು ಪ್ರಾರ್ಥಿಸುವ ಈಗಿನ ರೂಪಕ್ಕೆ ನಾಂದಿ ಹಾಡಿದವರು ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಎಂಬಲ್ಲಿನ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್, 1843ರಲ್ಲಿ. ಈಗ ಶಾಲೆಯ ಮಕ್ಕಳು ಗೋಧಿಯ ತೆನೆಯ ಬದಲು ಡಬ್ಬಿಯ ಆಹಾರ ತರುತ್ತಾರೆ. ಅದು ಬಡವರಿಗೆ ದಿನಸಿ ಹಂಚುವ ಕೇಂದ್ರಗಳಿಗೆ ಹೋಗುತ್ತದೆ.

ಸೆಪ್ಟೆಂಬರ್ 29 ಸಂತ ಮೈಕೇಲನ ದಿನ, ಮಿಕಲ್ಮಸ್. ಲೇಡಿ ಡೇಯಂತೆ ಇದೂ ವರ್ಷದ ನಾಲ್ಕು ಲೆಕ್ಕದ ದಿನಗಳಲ್ಲಿ ಒಂದು. ಗೇಣಿಯ ಜೊತೆಗೆ ಒಡೆಯನಿಗೊಂದು ಹೆಬ್ಬಾತು ಒಪ್ಪಿಸುವುದಿತ್ತು. ಆಳುಗಳನ್ನು ಗೊತ್ತುಮಾಡಿಕೊಳ್ಳುವ ಸಂತೆಗಳು ಸೇರುತ್ತಿದ್ದವು. ಕುರುಬ ಉಣ್ಣೆಯ ಎಳೆಯನ್ನು, ಗಾಡಿಯವನು ಚಾಟಿಯ ಹುರಿಯನ್ನು ಟೋಪಿಗೆ ಸಿಕ್ಕಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಒಡೆಯರು ನೋಡಿ ಆರಿಸುತ್ತಿದ್ದರು. ಥಾಮಸ್ ಹಾರ್ಡಿಯ 'ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್' ಓದಿದವರಿಗೆ ಗೇಬ್ರಿಯಲ್ ಓಕ್ ಇಂಥದೇ ಒಂದು ಸಂತೆಯಲ್ಲಿ ಕೆಲಸ ಕೇಳಿ ನಿಂತದ್ದು ನೆನಪಿರಬಹುದು. ಅವನದು ಫೆಬ್ರವರಿಯ ಸಂತೆ. ಆಕ್ಸ್‌ಫರ್ಡಿನಲ್ಲಿ ಶರತ್ಕಾಲದ ಪಾಠದ ಅವಧಿಗೆ ಈಗಲೂ ಮಿಕಲ್ಮಸ್ ಎಂದೇ ಹೆಸರು.

ನವೆಂಬರಿನ ನೆನಪುಗಳು

ಅಕ್ಟೋಬರ್ 31ರ ಹ್ಯಾಲೋವೀನ್ ಅಮೆರಿಕದ ಹಬ್ಬವೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಅದು ಅಲ್ಲಿಗೆ ಹೋದದ್ದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ವಲಸೆಗಾರರ ಜೊತೆ. ಊರಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪವಿಡುತ್ತಿದ್ದರು. ಅಮೆರಿಕದಲ್ಲಿ ಸುಲಭವಾಗಿ ಸಿಕ್ಕಿದ್ದು ಕುಂಬಳಕಾಯಿ.

ನವೆಂಬರ್ 5 ಬೆಂಕಿಯ ರಾತ್ರಿ. 1605ರಲ್ಲಿ ರಾಬರ್ಟ್ ಕೇಟ್ಸ್‌ಬಿಯ ನಾಯಕತ್ವದಲ್ಲಿ ಕೆಲವು ಕ್ಯಾಥೊಲಿಕರು ರಾಜ ಮೊದಲನೇ ಜೇಮ್ಸನ ಸಮೇತ ಪಾರ್ಲಿಮೆಂಟನ್ನೇ ಸ್ಫೋಟಿಸಲು ಸಂಚು ಹೂಡಿದರು. ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದಿನ ಪುಡಿಯ ಬಳಿ ಸಿಕ್ಕಿಬಿದ್ದವನು ಗೈ ಫಾಕ್ಸ್. ಮರುವರ್ಷವೇ ಪಾರ್ಲಿಮೆಂಟು ಪ್ರತಿ ನವೆಂಬರ್ 5ರಂದು ಚರ್ಚುಗಳಲ್ಲಿ ಕೃತಜ್ಞತೆಯ ಪ್ರಾರ್ಥನೆ ಕಡ್ಡಾಯವೆಂದು ಕಾನೂನು ಮಾಡಿತು. 1859ರವರೆಗೆ ಅದು ಜಾರಿಯಲ್ಲಿತ್ತು. ಕಾನೂನು ಹೋದರೂ ಪಟಾಕಿ, ಬೆಂಕಿ ಉಳಿದವು. ಮಕ್ಕಳು ಹಳೆಯ ಬಟ್ಟೆಗೆ ಹುಲ್ಲು ತುಂಬಿ 'ಗೈ' ಮಾಡಿ, ಬೀದಿಯಲ್ಲಿಟ್ಟು ಪಟಾಕಿಗೆ ಕಾಸು ಕೇಳುವುದಿತ್ತು, ಈಗ ಅಪರೂಪ. ಎರಡೂವರೆ ಶತಮಾನ ಈ ಹಬ್ಬ ಕ್ಯಾಥೊಲಿಕರ ಮೇಲಿನ ದ್ವೇಷಕ್ಕೆ ಗಾಳಿ ಹಾಕಿತು. ಇಂದು ಹೆಚ್ಚಿನ ಊರುಗಳಲ್ಲಿ ಅದು ಎಲ್ಲರೂ ಕೂಡಿ ನೋಡುವ ಬಾಣಬಿರುಸು ಅಷ್ಟೇ. ಲೂಯಿಸ್ ಪಟ್ಟಣದಲ್ಲಿ ಮಾತ್ರ 16ನೇ ಶತಮಾನದಲ್ಲಿ ಸುಟ್ಟುಕೊಲ್ಲಲಾದ 17 ಪ್ರೊಟೆಸ್ಟೆಂಟರ ನೆನಪಿಗೆ 17 ಉರಿಯುವ ಶಿಲುಬೆಗಳನ್ನು ಇಂದಿಗೂ ಹೊರುತ್ತಾರೆ.

ಆರು ದಿನ ಕಳೆದರೆ ನವೆಂಬರ್ 11. ಮೊದಲ ಮಹಾಯುದ್ಧ ನಿಂತ ದಿನ. 1919ರಿಂದ ಬೆಳಿಗ್ಗೆ 11 ಗಂಟೆಗೆ ಎರಡು ನಿಮಿಷ ಮೌನ. ಎದೆಯ ಮೇಲೆ ಕೆಂಪು ಪಾಪಿ ಹೂವು. ಆ ಯುದ್ಧದಲ್ಲಿ ಭಾರತದಿಂದ ಹೋದವರು 10 ಲಕ್ಷಕ್ಕೂ ಹೆಚ್ಚು. ಗಾಯಗೊಂಡು ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹಿಸಿದ ಗುಡ್ಡದ ಮೇಲೆ 1921ರಲ್ಲಿ ಅಮೃತಶಿಲೆಯ ಛತ್ರಿಯೊಂದನ್ನು ಕಟ್ಟಲಾಯಿತು. ಪ್ರತಿವರ್ಷ ಜೂನ್‌ನಲ್ಲಿ ಅಲ್ಲಿ ಹೂಮಾಲೆ ಇರಿಸುತ್ತಾರೆ. ಶರತ್ಕಾಲದಲ್ಲೇ ಲೆಸ್ಟರ್ ನಗರದ ಬೆಲ್‌ಗ್ರೇವ್ ರಸ್ತೆ ದೀಪಾವಳಿಯ ದೀಪಗಳಿಂದ ಬೆಳಗುತ್ತದೆ. ಭಾರತೀಯರು ಹೊತ್ತು ತಂದ ಆ ಹಬ್ಬವೂ ಈಗ ಬ್ರಿಟನ್ನಿನ ವರ್ಷದಲ್ಲಿ ಜಾಗ ಪಡೆದಿದೆ.

ನಿಷೇಧವಾಗಿದ್ದ ಕ್ರಿಸ್‌ಮಸ್

ಕೊನೆಗೆ ಕ್ರಿಸ್‌ಮಸ್. ಅದನ್ನೂ 1647ರಲ್ಲಿ ಪಾರ್ಲಿಮೆಂಟು ರದ್ದು ಮಾಡಿತ್ತು ಎಂದರೆ ಹಲವರು ನಂಬಲಾರರು. ಅಂದು ಅಂಗಡಿಗಳನ್ನು ತೆರೆದಿಡಬೇಕೆಂದು ಆಜ್ಞೆಯಾದಾಗ ಕ್ಯಾಂಟರ್‌ಬರಿಯಲ್ಲಿ ಜನ ದಂಗೆಯೆದ್ದರು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು.

ಆದರೆ ಇಂದಿನ ಕ್ರಿಸ್‌ಮಸ್ಸಿನ ಮುಖ ಬಹುಪಾಲು ರಾಣಿ ವಿಕ್ಟೋರಿಯಾ ಕಾಲದ್ದು. 1843ರಲ್ಲಿ ಹೆನ್ರಿ ಕೋಲ್ ಮೊದಲ ಶುಭಾಶಯ ಪತ್ರ ಅಚ್ಚುಹಾಕಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಪ್ರಕಟವಾಯಿತು. 1848ರಲ್ಲಿ ವಿಕ್ಟೋರಿಯಾ, ಆಲ್ಬರ್ಟ್ ಮತ್ತು ಮಕ್ಕಳು ಅಲಂಕರಿಸಿದ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಜರ್ಮನಿಯ ಈ ಪದ್ಧತಿ ಮನೆಮನೆಗೆ ಹರಡಿತು. ಅರಸರ ಕ್ರಿಸ್‌ಮಸ್ ಭಾಷಣ 1932ರಲ್ಲಿ ರೇಡಿಯೋದಲ್ಲಿ ಶುರುವಾಯಿತು. 1947ರಿಂದ ನಾರ್ವೆ ದೇಶ ಯುದ್ಧಕಾಲದ ನೆರವಿಗೆ ಕೃತಜ್ಞತೆಯಾಗಿ ಪ್ರತಿವರ್ಷ ಟ್ರಫಾಲ್ಗರ್ ಚೌಕಕ್ಕೆ ಒಂದು ಮರ ಕಳಿಸುತ್ತಿದೆ. ಮರುದಿನ ಡಿಸೆಂಬರ್ 26 ಬಾಕ್ಸಿಂಗ್ ಡೇ. ಗುದ್ದಾಟಕ್ಕೂ ಇದಕ್ಕೂ ಸಂಬಂಧವಿಲ್ಲ. ಆಳುಕಾಳುಗಳಿಗೆ, ಅಂಚೆಯವರಿಗೆ, ಅಂಗಡಿ ಹುಡುಗರಿಗೆ ಕೊಡುತ್ತಿದ್ದ ಇನಾಮಿನ ಪೆಟ್ಟಿಗೆಯಿಂದ ಬಂದ ಹೆಸರು. 1871ರಲ್ಲಿ ಸರ್ ಜಾನ್ ಲಬಕ್ ತಂದ ಬ್ಯಾಂಕ್ ರಜೆಯ ಕಾನೂನಿನಲ್ಲಿ ಈ ದಿನವೂ ಸೇರಿತು. ಚರ್ಚು ಕೊಟ್ಟ ರಜೆಗಳ ಪಕ್ಕದಲ್ಲಿ ದುಡಿಯುವವರಿಗೆ ಸರ್ಕಾರ ಕೊಟ್ಟ ರಜೆಗಳೂ ಆಗಿನಿಂದ ಸೇರಿಕೊಂಡವು.

ವಿದ್ಯಾರ್ಥಿಗಳು ಮುಂದೆ ಯಾವುದೇ ಹಬ್ಬದ ಹೆಸರನ್ನು ಪಾಠದಲ್ಲಿ ಕಂಡಾಗ ಮೂರು ಪ್ರಶ್ನೆ ಹಾಕಿಕೊಳ್ಳಬಹುದು. ಅಂದು ಯಾರಿಗೆ ರಜೆ, ಯಾರು ಯಾರಿಗೆ ಏನು ಕೊಡಬೇಕಿತ್ತು, ಯಾರನ್ನು ಹೊರಗಿಡಲಾಗಿತ್ತು? ತಂದೆತಾಯಿಗಳು ಮಕ್ಕಳ ಜೊತೆ ಕೂತು ಇದೇ ಪ್ರಶ್ನೆಗಳನ್ನು ಕೇಳಿದರೆ ಪಾಠದ ಒಂದು ಸಾಲು ಒಂದು ಊರಾಗಿ ತೆರೆದುಕೊಳ್ಳುತ್ತದೆ. ಪ್ಯೂರಿಟನ್ನರ ಕಾನೂನಿಗೆ ಕಂಬ, ಕ್ರಿಸ್‌ಮಸ್ ಎರಡನ್ನೂ ಅಳಿಸಲಾಗಲಿಲ್ಲ. ಮದರಿಂಗ್ ಸಂಡೆಯನ್ನು ಯಾವ ಕಾನೂನೂ ನಿಷೇಧಿಸಿರಲಿಲ್ಲ. ಆದರೂ ಜನ ಮರೆತದ್ದರಿಂದಲೇ ಅದು ಅಳಿಯುವುದರಲ್ಲಿತ್ತು. ಒಬ್ಬ ಹೆಂಗಸು ನೆನಪು ಮಾಡಿಕೊಟ್ಟಿದ್ದರಿಂದ ಉಳಿಯಿತು.

ನೆನಪಿಡಬೇಕಾದ ದಿನಗಳು

ನಾಲ್ಕು ನಾಡುಗಳ ಸಂತರ ದಿನಗಳು: ವೇಲ್ಸಿನ ಸಂತ ಡೇವಿಡ್ ಮಾರ್ಚ್ 1; ಐರ್ಲೆಂಡಿನ ಸಂತ ಪ್ಯಾಟ್ರಿಕ್ ಮಾರ್ಚ್ 17; ಇಂಗ್ಲೆಂಡಿನ ಸಂತ ಜಾರ್ಜ್ ಏಪ್ರಿಲ್ 23; ಸ್ಕಾಟ್ಲೆಂಡಿನ ಸಂತ ಆಂಡ್ರ್ಯೂ ನವೆಂಬರ್ 30.

ಇಂಗ್ಲೆಂಡಿನ ಹಳೆಯ ಲೆಕ್ಕದ ದಿನಗಳು: ಲೇಡಿ ಡೇ ಮಾರ್ಚ್ 25, ಮಿಡ್‌ಸಮರ್ ಜೂನ್ 24, ಮಿಕಲ್ಮಸ್ ಸೆಪ್ಟೆಂಬರ್ 29, ಕ್ರಿಸ್‌ಮಸ್ ಡಿಸೆಂಬರ್ 25.